ಓಡೋ ಕಾಲಿಗೆ ಒಂದಿಷ್ಟು ಸಾಮು

ವಿಜಯಪುರದ ನಮ್ಮ ಮನೆಯಿಂದ ತಿಕೋಟಾದ ಅಜ್ಜನ ಮನೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್. ಅಥಣಿ ರೋಡ್ ಹಿಡಿದು, ತೊರವಿ ದಾಟಿ, ರಸ್ತೆಯ ಎರಡೂ ಕಡೆ ದ್ರಾಕ್ಷಿ ಪಡಗಳು ಕಾಣಿಸತೊಡಗಿದರೆ ಊರು ಹತ್ತಿರ ಬಂತು ಅಂತ ಲೆಕ್ಕ. ಸಣ್ಣವರಿದ್ದಾಗ ಬಸ್ಸಿನ ಕಿಟಕಿಗೆ ಮೂಗು ಹಚ್ಚಿ ನೋಡುತ್ತಿದ್ದ ಆ ರಸ್ತೆಯನ್ನು ಒಂದು ದಿನ ಓಡಿಕೊಂಡೇ ದಾಟಬೇಕು ಅನ್ನೋ ಹುಚ್ಚು ನನಗೆ ಹತ್ತಿದ್ದು 2023ರ ಬೇಸಿಗೆಯಲ್ಲಿ.

ಹುಚ್ಚಿಗೆ ಕಾರಣವೂ ಇತ್ತು. ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.0 ಬಂದಿತ್ತು. 5.7ರಿಂದ 6.4ರ ನಡುವೆ ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಂತೆ. ಅಪ್ಪನಿಗೆ ಶುಗರ್ ಬಂದು 15 ವರ್ಷ. ನನಗಿನ್ನೂ ಆಗ 28. ಬೆಂಗಳೂರಿನ ಕಂಪನಿಗೆ ವಿಜಯಪುರದ ಮನೆಯಿಂದಲೇ ಕೆಲಸ, ತಿಂಗಳಿಗೊಮ್ಮೆ ಮಾತ್ರ ಬೆಂಗಳೂರಿನ ಆಫೀಸಿಗೆ ಹೋಗೋದು. ಉಳಿದ ದಿನ ಬೆಳಿಗ್ಗೆ ಕುರ್ಚಿ, ಸಂಜೆಗೂ ಅದೇ ಕುರ್ಚಿ. ಡಾಕ್ಟರು ‘ಏನಾದರೂ ವ್ಯಾಯಾಮ ಮಾಡ್ರಿ’ ಅಂದರು. ಓಟಕ್ಕೆ ಫೀಸ್ ಇಲ್ಲ, ಬೂಟಿದ್ದರೆ ಸಾಕು ಅಂದುಕೊಂಡೆ. ಡಿಸೆಂಬರ್‌ನಲ್ಲಿ ನಮ್ಮೂರಲ್ಲೇ ವೃಕ್ಷೋಥಾನ್ ಹೆರಿಟೇಜ್ ರನ್ ಇದೆ ಅಂತ ಗೊತ್ತಾದ ಕೂಡಲೇ ಗುರಿಯೂ ಸಿಕ್ಕಿತು. ಹಾಫ್ ಮ್ಯಾರಥಾನ್ ಅಂದರೆ 21.1 ಕಿ.ಮೀ., ಅಂದರೆ ಅಜ್ಜನ ಮನೆ ಮುಟ್ಟಿ ಇನ್ನೊಂದು ಓಣಿ ಸುತ್ತಿದಷ್ಟು.

ಮೊದಲ ಮೂರು ತಿಂಗಳು ಸ್ವರ್ಗ. ನಸುಕಿನಲ್ಲಿ ಎದ್ದು ಗೋಳಗುಮ್ಮಟದ ಕಡೆ ಓಡೋದು, ಬರುವಾಗ ಕೋಟೆ ಗೋಡೆ ಪಕ್ಕ ನಡೆಯೋದು. ತೂಕ ಇಳಿಯಿತು, ನಿದ್ದೆ ಚೆನ್ನಾಗಿ ಬಂತು. ಉಮೇದು ಏರಿದ್ದೇ ಏರಿದ್ದು. ನವೆಂಬರ್ ಮೊದಲ ವಾರದ ಹೊತ್ತಿಗೆ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ ಒಳಬದಿಯ ಎಲುಬಿನುದ್ದಕ್ಕೂ ಸಣ್ಣ ನೋವು ಶುರುವಾಯಿತು. ಗೂಗಲ್ ‘ಶಿನ್ ಸ್ಪ್ಲಿಂಟ್’ ಅಂದಿತು. ಸ್ಪ್ರೇ ಹೊಡೆದೆ, ಬರ್ಫ್ ಇಟ್ಟೆ, 7,000 ರೂಪಾಯಿ ಕೊಟ್ಟು ಹೊಸ ಬೂಟು ತಂದೆ. ಭಾನುವಾರದ ಉದ್ದ ಓಟಕ್ಕೆ ಮುಂಚೆ ಒಂದು ನೋವಿನ ಗುಳಿಗೆ ನುಂಗುವ ಚಾಳಿಯೂ ಬಿತ್ತು. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಮಾಡಿರುತ್ತೀರಿ, ಅದಕ್ಕೇ ಮುಚ್ಚಿಡದೆ ಹೇಳ್ತಿದ್ದೀನಿ.

ಬೆರಳಿಟ್ಟು ತೋರಿಸುವ ನೋವು

ನವೆಂಬರ್ ಕೊನೆಗೆ ನೋವು ಜಾಗ ಬದಲಿಸಿತ್ತು. ಮೊದಲು ಗೇಣುದ್ದ ಹರಡಿಕೊಂಡಿದ್ದು, ಈಗ ಒಂದೇ ಚುಕ್ಕಿಗೆ ಬಂದು ನಿಂತಿತು. ರಾತ್ರಿ ಮಲಗಿದಾಗಲೂ ಒಳಗೊಳಗೇ ಕುಟ್ಟುತ್ತಿತ್ತು. ಮೂಳೆ ಡಾಕ್ಟರ ಹತ್ತಿರ ಹೋದರೆ ಅವರು ಹೇಳಿದ್ದು ಒಂದೇ ಮಾತು: ‘ನೋವು ಎಲ್ಲೈತಿ, ಒಂದೇ ಬೆರಳಿನಿಂದ ತೋರಿಸ್ರಿ.’ ತೋರಿಸಿದೆ. ‘ಒಂಟಿ ಕಾಲಿನ ಮ್ಯಾಲೆ ಒಮ್ಮೆ ಕುಪ್ಪಳಿಸ್ರಿ.’ ಕುಪ್ಪಳಿಸಲಾಗಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಪೆಟ್ಟು ಶುರುವಿನಲ್ಲಿ ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು. ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು, ಎಲುಬು ಬಿರುಕು ಬಿಡುವ ಹಿಂದಿನ ಹಂತದಲ್ಲಿತ್ತು. ಇನ್ನೆರಡು ಭಾನುವಾರ ಓಡಿದ್ದರೆ ಬಿರುಕೇ ಬಿಡುತ್ತಿತ್ತೇನೋ. 8 ವಾರ ಓಟ ಬಂದ್.

ಡಾಕ್ಟರು ಇನ್ನೂ ಎರಡು ಪ್ರಶ್ನೆ ಕೇಳಿದರು. ‘ಊಟ ಎಷ್ಟು ಮಾಡ್ತೀರಿ? ಮುಟ್ಟು ತಿಂಗಳಿಗೆ ಸರಿಯಾಗಿ ಆಗ್ತೈತಿ?’ ಎರಡಕ್ಕೂ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ತೂಕ ಇಳಿಸುವ ಆಸೆಗೆ ಮೂರು ರೊಟ್ಟಿಯಿಂದ ಒಂದಕ್ಕೆ ಬಂದಿದ್ದೆ. ಎರಡು ತಿಂಗಳಿಂದ ಮುಟ್ಟು ಏರುಪೇರಾಗಿತ್ತು, ಕೆಲಸದ ಟೆನ್ಷನ್ ಅಂದುಕೊಂಡಿದ್ದೆ. ಓಟಕ್ಕೆ ಖರ್ಚಾಗುವಷ್ಟು ಆಹಾರ ಒಳಗೆ ಹೋಗದಿದ್ದರೆ ದೇಹ ಮೊದಲು ಉಳಿತಾಯ ಮಾಡೋದು ಇಂಥ ಕಡೆಯೇ. ಹಾರ್ಮೋನು ಇಳಿಯುತ್ತದೆ, ಅದರ ಹಿಂದೆ ಎಲುಬೂ ಸೊರಗುತ್ತದೆ. ಗಂಡಸರಿಗೂ ಇದು ತಪ್ಪಿದ್ದಲ್ಲ, ಆದರೆ ಅವರಿಗೆ ಮುಟ್ಟಿನಂಥ ಅಲಾರಂ ಇರೋದಿಲ್ಲ. ಓಡುವ ಹೆಣ್ಣುಮಕ್ಕಳು ಈ ಪ್ಯಾರಾ ಇನ್ನೊಮ್ಮೆ ಓದಿ.

ಡಿಸೆಂಬರ್‌ನ ಆ ಬೆಳಿಗ್ಗೆ ನಾನು ಓಡುವವರ ಸಾಲಿನಲ್ಲಿರಲಿಲ್ಲ. ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟಿದೆ. ನನ್ನ ವಯಸ್ಸಿನ ಎರಡರಷ್ಟು ಆಗಿರಬಹುದಾದ ಒಬ್ಬ ಹೆಣ್ಣುಮಗಳು ಸೀರೆ ಕಚ್ಚೆ ಹಾಕಿ ನಗುತ್ತ ಓಡಿ ಹೋದರು. ಮನೆಗೆ ಬಂದು ಅತ್ತಿದ್ದು ನಿಜ.

ಅತ್ತು ಮುಗಿದ ಮೇಲೆ ನನ್ನೊಳಗಿನ ಎಂಜಿನಿಯರ್ ಎದ್ದಳು. ವಾಚಿನಲ್ಲಿದ್ದ ಐದು ತಿಂಗಳ ಲೆಕ್ಕವನ್ನೆಲ್ಲ ಎಕ್ಸೆಲ್ ಶೀಟಿಗೆ ಇಳಿಸಿದೆ. ವಾರದ ಒಟ್ಟು ಕಿಲೋಮೀಟರ್ ನಿಧಾನಕ್ಕೇ ಏರಿತ್ತು, ಅದರಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಒಂದೇ ಸಾಲಿನಲ್ಲಿತ್ತು. ಅಕ್ಟೋಬರ್‌ವರೆಗೆ ನನ್ನ ಅತಿ ಉದ್ದದ ಓಟ 10 ಕಿ.ಮೀ. ಮುಂದಿನ ಭಾನುವಾರ ಗೆಳತಿಯರ ಜೋಶಿಗೆ 16 ಓಡಿದ್ದೆ! ಡೆನ್ಮಾರ್ಕ್‌ನ ಸಂಶೋಧಕರು 5,200ಕ್ಕೂ ಹೆಚ್ಚು ಓಟಗಾರರ ವಾಚುಗಳ ಲೆಕ್ಕ ನೋಡಿ 2025ರಲ್ಲಿ ಹೇಳಿದ್ದೂ ಇದನ್ನೇ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕಿಂತ ಹೆಚ್ಚು ದೂರವನ್ನು ಒಂದೇ ಸಲ ಓಡಿದರೆ ಗಾಯದ ಸಾಧ್ಯತೆ ಏರುತ್ತದೆ. ನಾನು ಶೇ. 60 ಏರಿಸಿದ್ದೆ. ಇದೇ ಲೆಕ್ಕದಲ್ಲಿ ಯಾರಾದರೂ ಸರ್ವರ್ ಮೇಲೆ ಒಮ್ಮೆಲೇ ಲೋಡ್ ಹಾಕಿದ್ದರೆ ನಾನೇ ಬೈಯುತ್ತಿದ್ದೆ.

ಗುಂಡುಕಲ್ಲಿನ ಲೆಕ್ಕ

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಅಜ್ಜ ತಿಕೋಟಾದಿಂದ ಬಂದಿದ್ದ. ಈ ಜಾತ್ರೆಗೆ ದನದ ಸಂತೆ ಎಷ್ಟು ಹೆಸರುವಾಸಿಯೋ ಭಾರ ಎತ್ತುವ ಸ್ಪರ್ಧೆಯೂ ಅಷ್ಟೇ. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಜೋಳದ ಚೀಲ, ಒಂದೊಂದಕ್ಕೂ ಒಂದೊಂದು ಪಟ್ಟು. ಅಜ್ಜನೂ ಹರೆಯದಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವ, ಕಲ್ಲೆತ್ತಿದವ. ನಾನು ಕುಂಟುತ್ತ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

‘ನಿನ್ನ ಕಾಲಿಗೆ ಏನ ಆಗೇತಿ?’ ಅಂದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀ ಓಡಿ ಓಡಿ ಕಾಲ ಗಟ್ಟಿ ಆಗ್ತಾವ ಅಂತ ತಿಳದೀ. ಕಾಲ ಗಟ್ಟಿ ಮಾಡಿ ಆಮ್ಯಾಲ ಓಡಬೇಕವಾ. ಅಲ್ನೋಡು, ಆ ಹುಡುಗ ಇವತ್ತ ಈ ಕಲ್ಲ ಎತ್ತಾಕತ್ತಾನಂದ್ರ ವರ್ಷದಿಂದ ಸಣ್ಣದು ಎತ್ತಿರತಾನ. ಸಣ್ಣ ಗುಂಡ ಹಗೂರ ಆತಂದ್ರ ಅದರಕಿಂತ ಒಂಚೂರು ದೊಡ್ಡದು. ದಿನಾನೂ ಎತ್ತೂದಿಲ್ಲ ಮತ್ತ. ಎತ್ತಿದ ಮರುದಿವಸ ಎಣ್ಣಿ ಹಚ್ಚಿ ಮಲಗಿಸ್ತಿದ್ರು ನಮ್ಮ ಉಸ್ತಾದರು’ ಅಂದ.

ನಂತರ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಬೇರೆ ಶಬ್ದಗಳಲ್ಲಿ ಇದನ್ನೇ ಹೇಳಿದರು. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ತಿರುಗಿ ತಳ್ಳುತ್ತದೆ. ನನ್ನ ತೂಕ 62 ಕೆ.ಜಿ., ಅಂದರೆ ಒಂದು ಕಾಲಿನ ಮೇಲೆ ಸುಮಾರು 150 ಕೆ.ಜಿ. ಕಿಲೋಮೀಟರಿಗೆ ಸುಮಾರು 1,000 ಹೆಜ್ಜೆ. 10 ಕಿ.ಮೀ. ಓಡಿದರೆ ಒಂದೊಂದು ಕಾಲಿಗೂ 5,000 ಸಲ ಆ ಹೊಡೆತ. ಇದನ್ನು ಹೀರಿಕೊಳ್ಳಬೇಕಾದದ್ದು ಸ್ನಾಯು. ಸ್ನಾಯು ಸೋತಷ್ಟೂ ಹೊಡೆತದ ಪಾಲು ಎಲುಬು, ಕೀಲು, ಸ್ನಾಯುರಜ್ಜುಗಳಿಗೆ ಹೆಚ್ಚುತ್ತದೆ.

ಇಲ್ಲೊಂದು ಮೋಸ ಇದೆ. ಓಡತೊಡಗಿದ ಕೆಲವೇ ವಾರಗಳಲ್ಲಿ ಉಸಿರು, ಎದೆ ಹದಕ್ಕೆ ಬರುತ್ತವೆ. ನಮಗೆ ‘ಇನ್ನೂ ಓಡಬಲ್ಲೆ’ ಅನ್ನಿಸುತ್ತದೆ. ಎಲುಬು, ಸ್ನಾಯುರಜ್ಜು ಹಾಗಲ್ಲ, ಅವು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತವೆ. ಎಲುಬಂತೂ ಹೊಸ ಭಾರ ಬಿದ್ದಾಗ ಮೊದಲು ಹಳೆಯ ಭಾಗವನ್ನು ಕೆರೆದು ತೆಗೆದು, ಆಮೇಲೆ ಹೊಸದನ್ನು ಕಟ್ಟುತ್ತದೆ. ಮನೆ ರಿಪೇರಿಗೆ ಗೋಡೆ ಒಡೆದಾಗಲೇ ನೆಂಟರು ಬಂದಿಳಿದರೆ ಹೇಗೆ? ನನ್ನ 16 ಕಿಲೋಮೀಟರ್ ಅಂಥ ನೆಂಟ.

ಹಾಗಾದರೆ ಭಾರ ಎತ್ತಿದರೆ ಗಾಯ ತಪ್ಪುತ್ತದೆಯೇ? ನಾನು ನಂಬುವ ಮುಂಚೆ ಹುಡುಕಿ ಓದುವವಳು. 2014ರಲ್ಲಿ ಡೆನ್ಮಾರ್ಕ್‌ನ ತಂಡವೊಂದು ಬೇರೆ ಬೇರೆ ಆಟಗಳ 25 ಪ್ರಯೋಗಗಳನ್ನು, 26,610 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿತು. ಬಲವರ್ಧನೆಯ ವ್ಯಾಯಾಮ ಮಾಡಿದವರಲ್ಲಿ ಗಾಯಗಳು ಮೂರನೇ ಒಂದು ಪಾಲಿಗಿಂತ ಕೆಳಗಿಳಿದಿದ್ದವು. ನಾವೆಲ್ಲ ಭಕ್ತಿಯಿಂದ ಮಾಡುವ ಸ್ಟ್ರೆಚಿಂಗ್‌ನಿಂದ ಅಂಥ ಲಾಭವೇ ಕಾಣಲಿಲ್ಲ. ಓದಿ ಕುಣಿದಾಡಿದೆ. ಆದರೆ ಅದು ಬರೀ ಓಟಗಾರರ ಲೆಕ್ಕವಲ್ಲ. ನ್ಯೂಯಾರ್ಕ್ ಮ್ಯಾರಥಾನ್‌ಗೆ ಮೊದಲ ಸಲ ಇಳಿಯುವ 720 ಮಂದಿಯ ಮೇಲೆ ಮಾಡಿದ ಪ್ರಯೋಗದಲ್ಲಿ, ವಿಡಿಯೊ ನೋಡಿ ತಮ್ಮಷ್ಟಕ್ಕೆ ತಾವೇ 12 ವಾರ ಚಿಕ್ಕ ವ್ಯಾಯಾಮ ಮಾಡಿದವರಿಗೂ ಮಾಡದವರಿಗೂ ಗಾಯದಲ್ಲಿ ವ್ಯತ್ಯಾಸವೇ ಬರಲಿಲ್ಲ. ಆಮೇಲೆ 2024ರಲ್ಲಿ ಫಿನ್ಲೆಂಡ್‌ನಿಂದ ಇನ್ನೊಂದು ಬಂತು. ಹೊಸದಾಗಿ ಓಡುವ 325 ಜನ, 24 ವಾರ. ಸೊಂಟ ಮತ್ತು ಹೊಟ್ಟೆ-ಬೆನ್ನಿನ ಸ್ನಾಯುಗಳಿಗೆ ತಜ್ಞರು ಹೇಳಿಕೊಟ್ಟಂತೆ ವ್ಯಾಯಾಮ ಮಾಡಿದ ಗುಂಪಿನಲ್ಲಿ ಕಾಲಿನ ಗಾಯ ಸುಮಾರು ಮೂರನೇ ಒಂದರಷ್ಟು ಕಡಿಮೆ.

ನನಗೆ ಇದರಿಂದ ಅರ್ಥವಾದದ್ದಿಷ್ಟು. ಮೊಬೈಲ್ ನೋಡಿ ಹತ್ತು ನಿಮಿಷ ಕಾಲಾಡಿಸಿದರೆ ಮನಸ್ಸಿಗೆ ಸಮಾಧಾನ, ಕಾಲಿಗೇನೂ ಇಲ್ಲ. ಮೊದಲಿಗೆ ಒಬ್ಬರು ತಿದ್ದಬೇಕು, ಭಾರ ಏರುತ್ತ ಹೋಗಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಅಜ್ಜನ ಗುಂಡುಕಲ್ಲಿನ ಲೆಕ್ಕ.

ಹೊಸ್ತಿಲು ಬೇಡ, ಕಟ್ಟಿ ಸಾಕು

ಫಿಸಿಯೋ ಮೊದಲ ದಿನ ಒಂದು ಪರೀಕ್ಷೆ ಮಾಡಿಸಿದರು. ಗೋಡೆಗೆ ಬೆರಳು ತಾಗಿಸಿ, ಒಂಟಿ ಕಾಲಲ್ಲಿ ನಿಂತು, ಹಿಮ್ಮಡಿ ಎತ್ತಿ ಇಳಿಸುವುದು. 25 ಸಲ ಆಗಬೇಕು ಅನ್ನೋದು ಸಾಮಾನ್ಯ ಅಳತೆ. ನನಗೆ ಎಡಗಾಲಲ್ಲಿ 19. ಎಲುಬು ವಾಸಿಯಾದ ಮೇಲೆ ಬಲಗಾಲಲ್ಲಿ ನೋಡಿದರೆ ಬರೀ 11! ಇಷ್ಟು ಬಲದ ಕಾಲನ್ನು ನಂಬಿ 21 ಕಿ.ಮೀ.ಗೆ ಹೆಸರು ಬರೆಸಿದ್ದೆ. ನೀವೂ ಈಗಲೇ ಫೋನ್ ಕೆಳಗಿಟ್ಟು ಒಮ್ಮೆ ಮಾಡಿ ನೋಡಿ, ನೋವಿದ್ದರೆ ಬೇಡ.

ಮನೆಯಲ್ಲಿ ಹಿಮ್ಮಡಿ ಎತ್ತಲು ಎತ್ತರದ ಅಂಚು ಬೇಕಿತ್ತು. ತಲಬಾಗಿಲಿನ ಹೊಸ್ತಿಲೇ ಸರಿ ಅನ್ನಿಸಿ ನಿಂತೆ. ಅವ್ವ ಅಡುಗೆ ಮನೆಯಿಂದಲೇ ಕೂಗಿದಳು, ‘ಹೊಸ್ತಿಲ ಮ್ಯಾಲ ನಿಂದರಬ್ಯಾಡ, ಲಕ್ಷ್ಮೀ ಬರೂ ಹೊತ್ತು!’ ಅಂಗಳದ ಕಟ್ಟಿಗೆ ಶಿಫ್ಟ್ ಆದೆ. ಎರಡು ತರ ಮಾಡಬೇಕು: ಕಾಲು ನೆಟ್ಟಗಿಟ್ಟು ಒಮ್ಮೆ, ಮೊಣಕಾಲು ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ. ಬಗ್ಗಿಸಿದಾಗ ಮೀನಖಂಡದ ಒಳಗಿರುವ ಸೋಲಿಯಸ್ ಅನ್ನೋ ಚಪ್ಪಟೆ ಸ್ನಾಯುವಿಗೆ ಕೆಲಸ ಬೀಳುತ್ತದೆ. ಓಟದಲ್ಲಿ ಅತಿ ಹೆಚ್ಚು ದುಡಿಯುವ, ಯಾರೂ ಹೆಸರು ಕೇಳದ ಕೂಲಿ ಅದು.

ಭಾರಕ್ಕೆ ಜಿಮ್ ಹುಡುಕಲಿಲ್ಲ. ಲ್ಯಾಪ್‌ಟಾಪ್ ಬ್ಯಾಗಿಗೆ 5 ಕೆ.ಜಿ. ಬಿಳಿ ಜೋಳ ತುಂಬಿ ಬೆನ್ನಿಗೆ ಏರಿಸಿದೆ. ಎರಡು ತಿಂಗಳಿಗೆ 10, ಆಮೇಲೆ 15 ಕೆ.ಜಿ. ಅಷ್ಟೊತ್ತಿಗೆ ಬ್ಯಾಗಿನ ಹೊಲಿಗೆ ಬಿಚ್ಚಿ ಅಂಗಳದ ತುಂಬ ಜೋಳ ಚೆಲ್ಲಿತು. ಗುಬ್ಬಿಗಳಿಗೆ ಹಬ್ಬ.

ವಾರಕ್ಕೆ ಎರಡು ದಿನ, 40 ನಿಮಿಷ. ಬೈಠಕ್, ನಿಧಾನವಾಗಿ ಇಳಿದು ಏರುವುದು. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಅದೇ ಬೈಠಕ್. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ರೂಢಿಯಾದ ಮೇಲೆ ಒಂದೇ ಕಾಲಲ್ಲಿ. ಒಂಟಿ ಕಾಲಲ್ಲಿ ನಿಂತು, ಬೆನ್ನು ನೆಟ್ಟಗಿಟ್ಟು, ಬಾವಿಗೆ ಬಾಗಿದಂತೆ ಮುಂದೆ ಬಾಗುವುದು. ಮಗ್ಗುಲಾಗಿ ಮೊಣಕೈ ಮೇಲೆ ದೇಹ ಎತ್ತಿ ಹಿಡಿಯುವುದು. ಕೊನೆಗೆ ಕಟ್ಟಿಯ ಮೇಲೆ ಹಿಮ್ಮಡಿ. ಒಂದೊಂದೂ 8ರಿಂದ 12 ಸಲ, ಮೂರು ಸುತ್ತು. ಕೊನೆಯ ಎರಡು ಎತ್ತುವಾಗ ಮುಖ ಗಂಟಿಕ್ಕಬೇಕು, ಆದರೆ ಭಂಗಿ ಕೆಡಬಾರದು. 12 ಸಲೀಸಾದರೆ ಭಾರ ಏರಿಸುವುದು. ಎರಡು ದಿನಗಳ ನಡುವೆ 48 ತಾಸಾದರೂ ಅಂತರ, ಉದ್ದ ಓಟದ ಹಿಂದಿನ ದಿನವಂತೂ ಬೇಡವೇ ಬೇಡ.

ಅವ್ವನಿಗೆ ಬೇರೆ ಚಿಂತೆ. ‘ಭಾರ ಎತ್ತಿ ಎತ್ತಿ ಗಂಡಸರಂಗ ಆದೀ, ನಾಳಿ ನೋಡಾಕ ಬಂದವ್ರು ಏನಂದಾರು?’ ಹೆಣ್ಣುಮಕ್ಕಳು ವಾರಕ್ಕೆರಡು ದಿನ ಎತ್ತಿದರೆ ಪೈಲ್ವಾನರ ಮೈ ಬರೋದಿಲ್ಲ ಅಂತ ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಕೊನೆಗೆ ತುಂಬಿದ ಗ್ಯಾಸ್ ಸಿಲಿಂಡರನ್ನು ನಾನೇ ಅಡುಗೆ ಮನೆಗೆ ಎತ್ತಿಟ್ಟ ದಿನ ಸುಮ್ಮನಾದಳು. ರೊಟ್ಟಿ ಮೂರಕ್ಕೆ ವಾಪಸ್ ಬಂತು. ಜೊತೆಗೆ ಮೊಳಕೆ ಕಾಳು, ಗಟ್ಟಿ ಮೊಸರು, ಶೇಂಗಾ ಹಿಂಡಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಡಬ್ಬಿಯ ಪೌಡರ್ ನೆನಪಾದಾಗೆಲ್ಲ ಇದನ್ನು ನೆನಪಿಸಿಕೊಳ್ಳುತ್ತೇನೆ.

ಹಿಮ್ಮಡಿ ನೋವಿನವರಿಗೂ ಈ ಕಟ್ಟಿಯೇ ಔಷಧಿ ಅಂತ ಆಮೇಲೆ ಓದಿದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ನೋವಿಗೆ ಹೆಸರಾದ ವ್ಯಾಯಾಮದ ಹಿಂದೆ ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ ಅನ್ನೋ ಮೂಳೆ ಡಾಕ್ಟರ ಕಥೆ ಇದೆ. ಅವರಿಗೇ ಆ ನೋವಿತ್ತು. ಆಪರೇಷನ್ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲ. ರಜ್ಜು ಹರಿದರೆ ಮಾಡಲೇಬೇಕಲ್ಲ ಅಂತ ಸಿಟ್ಟಿನಿಂದ ಭಾರ ಹೊತ್ತು ಹಿಮ್ಮಡಿ ಇಳಿಸತೊಡಗಿದರು, ಹರಿಯುವ ಬದಲು ನೋವೇ ಹೋಯಿತು! 1998ರಲ್ಲಿ 15 ಜನರ ಮೇಲೆ ಮಾಡಿದ ಅವರ ಪ್ರಯೋಗ ಪ್ರಕಟವಾಯಿತು: 15 ಸಲದ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಅಂಗಾಲು ಚುಚ್ಚುವ ಪ್ಲಾಂಟರ್ ಫ್ಯಾಸೈಟಿಸ್‌ಗೂ ಇದೇ ತರದ್ದು ಇದೆ, ಕಾಲ್ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು ದಿನ ಬಿಟ್ಟು ದಿನ ನಿಧಾನವಾಗಿ ಹಿಮ್ಮಡಿ ಎತ್ತುವುದು. ಎರಡಕ್ಕೂ ತಾಳ್ಮೆ ಮೂರು ತಿಂಗಳದ್ದು ಬೇಕು.

ಇಂಥ ಸ್ನಾಯು, ರಜ್ಜುಗಳ ನೋವಿಗೆ ಫಿಸಿಯೋ ಕೊಟ್ಟ ನಿಯಮ ಸರಳ. ಸೊನ್ನೆಯಿಂದ 10ರವರೆಗೆ ಅಳೆದರೆ ವ್ಯಾಯಾಮದ ಹೊತ್ತಿಗೆ ನೋವು 3ರ ಒಳಗಿದ್ದು, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಬಹುದು. ಮರುದಿನ ಹೆಚ್ಚಿದ್ದರೆ ಭಾರ ಇಳಿಸಬೇಕು. ಎಲುಬಿನ ನೋವಿಗೆ ಈ ರಿಯಾಯಿತಿ ಇಲ್ಲ. ಬೆರಳಿಟ್ಟು ತೋರಿಸುವಂಥ ಚುಕ್ಕಿ ನೋವು, ರಾತ್ರಿ ನೋವು, ಕುಂಟು, ಬಾವು, ಇವುಗಳಲ್ಲಿ ಒಂದಿದ್ದರೂ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ನನ್ನ ಹಾಗೆ ಮೂರು ವಾರ ಸ್ಪ್ರೇ ಹೊಡೆಯಬೇಡಿ.

ಬಬಲೇಶ್ವರದ ತಮ್ಮ

ನನಗೆ ಓಟ ಹವ್ಯಾಸ. ಬಬಲೇಶ್ವರದಲ್ಲಿರುವ ನನ್ನ ಕಾಕಾನ ಮಗನಿಗೆ ಅದು ನೌಕರಿ. 22 ವರ್ಷ, ಡಿಗ್ರಿ ಮುಗಿದಿದೆ, ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕು. ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನಸುಕಿನಲ್ಲಿ ಜಮಖಂಡಿ ಕಡೆ ಹೋಗುವ ಆ ರಸ್ತೆಯಲ್ಲಿ ಇಂಥ ಹುಡುಗರ ಗುಂಪುಗಳು ಓಡುತ್ತಿರುತ್ತವೆ. ಕೆಲವರಿಗೆ ಬೂಟಿಲ್ಲ, ಎಲ್ಲರಿಗೂ ಅವಸರ ಇದೆ.

ಒಂದು ದಿನ ಫೋನ್ ಮಾಡಿದ. ‘ಅಕ್ಕಾ, ಮೊಣಕಾಲ ಚಿಪ್ಪಿನ ಸುತ್ತ ನೋವು. ಮೆಟ್ಟಲಾ ಇಳಿಯಾಕ ಆಗವಲ್ದು. ಪಿಕ್ಚರ್ ನೋಡಾಕ ಕುಂತ್ರೂ ನೋಯತೈತಿ.’ ರನ್ನರ್ಸ್ ನೀ ಅನ್ನೋದರ ಲಕ್ಷಣಗಳೇ ಇವು. ಕಾಕಾ ‘ಓಟ ಬಿಡು, ಅಂಗಡಿ ನೋಡ್ಕೊ’ ಅಂದಿದ್ದರಂತೆ. ಭಾನುವಾರ ಬಸ್ ಹತ್ತಿ ಹೋದೆ.

ಅವನ ದಿನಚರಿ ಕೇಳಿ ಗಾಬರಿಯಾದೆ. ದಿನಾ 1600 ಮೀಟರ್ ಪೂರ್ತಿ ಜೋರಿನಲ್ಲಿ, ವಾರಕ್ಕೆ ಏಳೂ ದಿನ. ಜೊತೆಗೆ 200 ಬೈಠಕ್, ಗಡಗಡ ಅರ್ಧಕ್ಕೇ ಎದ್ದು ಮುಗಿಸುವುದು. ಇಲ್ಲಿ ನಾನು ಗರಡಿ ಮನೆಯ ಒಂದು ಪದ್ಧತಿಗೆ ತಕರಾರು ಎತ್ತುತ್ತೇನೆ, ಅಜ್ಜ ಕ್ಷಮಿಸಲಿ. ನೂರಾರು ಬೈಠಕ್ ದಮ್ಮು ಕೊಡುತ್ತದೆ, ಕುಸ್ತಿಗೆ ಅದು ಬೇಕು. ಓಡಿ ಓಡಿ ದಣಿದ ಕಾಲಿಗೆ ಅದು ಇನ್ನಷ್ಟು ಓಟ ಮಾತ್ರ. ಓಟಗಾರ ಕಲಿಯಬೇಕಾದದ್ದು ಕಲ್ಲೆತ್ತುವವರಿಂದ: ಕಡಿಮೆ ಸಲ, ಹೆಚ್ಚು ಭಾರ, ನಡುವೆ ವಿಶ್ರಾಂತಿ.

ಫಿಸಿಯೋ ಹತ್ತಿರ ಒಮ್ಮೆ ಕರೆದುಕೊಂಡು ಬಂದು ತೋರಿಸಿದೆ. ಪೂರ್ತಿ ಓಟ ಬಿಡಿಸಲಿಲ್ಲ, ಅದು ಅವನಿಗೆ ಅತಿ ದೊಡ್ಡ ಸಮಾಧಾನ. ವಾರಕ್ಕೆ ನಾಲ್ಕೇ ದಿನ ಓಟ, ಅದರಲ್ಲಿ ಜೋರಿನದು ಒಂದೇ ದಿನ, ಉಳಿದವು ಮಾತಾಡುತ್ತ ಓಡುವ ವೇಗದಲ್ಲಿ. ಹೆಜ್ಜೆ ಸ್ವಲ್ಪ ಗಿಡ್ಡ. ತೊಡೆ ಮತ್ತು ಸೊಂಟ ಎರಡಕ್ಕೂ ವಾರಕ್ಕೆ ಎರಡು ಸಲ ಭಾರದ ವ್ಯಾಯಾಮ. ಮೊದಲ ವಾರಗಳಲ್ಲಿ ಬೈಠಕ್ ನೋವಾಗದಷ್ಟು ಆಳಕ್ಕೆ ಮಾತ್ರ, ಆಮೇಲೆ ಆಳ ಹೆಚ್ಚಿಸುವುದು. ಬ್ಯಾಗಿಗೆ ಜೋಳವೇ.

ಮೂರನೇ ವಾರ ಅವನು ಕೈಬಿಟ್ಟೇಬಿಟ್ಟಿದ್ದ. ಗುಂಪಿನ ಹುಡುಗರು ಮುಂದೆ ಓಡುವಾಗ ಹಿಂದೆ ನಿಧಾನವಾಗಿ ಓಡೋದು ಅವಮಾನ ಅನ್ನಿಸಿತಂತೆ. ಫೋನಿನಲ್ಲಿ ಜಗಳವೂ ಆಯಿತು. ‘ನಿನಗೇನ ಅಕ್ಕಾ, ನಿನ್ನ ನೌಕರಿ ಕುರ್ಚಿ ಮ್ಯಾಲ ಐತಿ’ ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಎಂಆರ್‌ಐ ಫೋಟೊ ಕಳಿಸಿದೆ, ಅಷ್ಟೇ. ಎರಡು ದಿನ ಬಿಟ್ಟು ಅವನೇ ‘ಬ್ಯಾಗಿಗೆ 8 ಕೆ.ಜಿ. ಆತು’ ಅಂತ ಮೆಸೇಜ್ ಹಾಕಿದ. ನಾಲ್ಕು ತಿಂಗಳಿಗೆ ಮೆಟ್ಟಿಲ ನೋವು ಹೋಯಿತು. ಶಾಲೆಯ ಮೈದಾನದಲ್ಲಿ ಮೊನ್ನೆ ಅವನ ಟೈಮಿಂಗ್ 6 ನಿಮಿಷ 12 ಸೆಕೆಂಡ್. ಪರೀಕ್ಷೆಯ ಕರೆ ಇನ್ನೂ ಬಂದಿಲ್ಲ, ಕಾಯುತ್ತಿದ್ದಾನೆ. ಗುಂಪಿನ ಇನ್ನಿಬ್ಬರು ಹುಡುಗರು ಅವರವರ ಮನೆಯ ಜೋಳಕ್ಕೆ ಕೈ ಹಾಕಿದ್ದಾರಂತೆ.

ನನ್ನದೂ ನಿಧಾನವೇ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರು ಮಾಡಿ, 2024ರ ಡಿಸೆಂಬರ್‌ನಲ್ಲಿ 21ರ ಬದಲು 10 ಕಿ.ಮೀ. ಓಡಿದೆ. ಬಲಗಾಲ ಹಿಮ್ಮಡಿ ಆ ಹೊತ್ತಿಗೆ 24ಕ್ಕೆ ಬಂದಿತ್ತು. ಎಚ್‌ಬಿಎ1ಸಿ 5.5. ಅಪ್ಪ ಆ ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಏನೂ ಮಾತಾಡದೆ ವಾಕಿಂಗ್‌ಗೆ ಹೋದರು.

ತಿಕೋಟಾ ಓಟ ಆದದ್ದು ಆಮೇಲೆ, ಒಂದು ಭಾನುವಾರ. ನಸುಕಿಗೆ ಬಿಟ್ಟೆ. ತಮ್ಮ ನೀರಿನ ಬಾಟಲಿ ಹಿಡಿದು ಹಿಂದೆ ಸ್ಕೂಟಿಯಲ್ಲಿ ಆಕಳಿಸುತ್ತ ಬಂದ. ತೊರವಿ ದಾಟುವಾಗ ಬೆಳಕಾಯಿತು. 15 ಕಿ.ಮೀ. ಆದ ಮೇಲೆ ಕಾಲು ಭಾರ ಆದವು, ನೋವು ಬರಲಿಲ್ಲ. 2 ತಾಸು 31 ನಿಮಿಷ. ಯಾರೂ ಮೆಚ್ಚುವಂಥ ಟೈಮಿಂಗ್ ಅಲ್ಲ.

ಅಜ್ಜ ಮನೆ ಮುಂದಿನ ಕಟ್ಟಿಯ ಮೇಲೆ ಕೂತಿದ್ದ. ಕಲ್ಲೆತ್ತಿದ ಆ ಮನುಷ್ಯನಿಗೆ ಈಗ 79, ಕಳೆದ ವರ್ಷದಿಂದ ಗೋಡೆ ಹಿಡಿಯದೆ ಏಳೋದು ಆಗುತ್ತಿರಲಿಲ್ಲ. ಅವನಿಗೂ ನಾನೊಂದು ಸಾಮು ಹೇಳಿದ್ದೆ, ಕುರ್ಚಿಯಿಂದ ಕೈಯೂರದೆ ಏಳೋದು, ಕೂರೋದು, ವಾರಕ್ಕೆ ಮೂರು ದಿನ. ಮೊದಲು ದಿಂಬು ಇಟ್ಟು ಕುರ್ಚಿ ಎತ್ತರ ಮಾಡಿದ್ದೆವು, ಆಮೇಲೆ ದಿಂಬು ತೆಗೆದೆವು. ನನ್ನನ್ನು ನೋಡಿದವನೇ ಕೈ ಎರಡೂ ಎದೆಗೆ ಕಟ್ಟಿ, ಬಾಯಲ್ಲೇ ಎಣಿಸುತ್ತ ಎದ್ದು ಕೂತು, ಎದ್ದು ಕೂತು, ಒಂಬತ್ತಕ್ಕೆ ಏದುಸಿರು ಬಿಟ್ಟು, ಹತ್ತಕ್ಕೆ ನಿಂತ.

ಆಮೇಲೆ ಅವ್ವನಿಗೆ ಫೋನ್ ಹಚ್ಚಿ ಹೇಳಿದ, ‘ಬಂದ ಮುಟ್ಯಾಳ ನೋಡು. ಹೊಳ್ಳಿ ಬರೂದು ಮಾತ್ರ ಬಸ್ಸಿಗೆ ಅಂತ, ನಾನs ಹೇಳೇನಿ.’